ಹೆಬ್ಬಾರರ ಲೆವೆಲ್ಲುಗಳು

ಕೊಪ್ಪದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಸುಧೀಂದ್ರ ಹೆಬ್ಬಾರರಿಗೆ 2004ರಿಂದ ಒಂದೇ ಧ್ಯಾನ, ತಾವೇ ಒಂದು ಮಾಯಾಲೋಕದ ವಿಡಿಯೋ ಗೇಮ್ ಮಾಡಬೇಕು. ಅದರಲ್ಲಿ ಯೋಧ, ಮಾಂತ್ರಿಕ, ವೈದ್ಯ ಎಂದು ಮೂರು ಬಗೆಯ ಪಾತ್ರಗಳು. ಆಡುತ್ತ ಆಡುತ್ತ ಮೇಲೇರಿದಂತೆ ಯಾರಿಗೆ ಎಷ್ಟನೇ ಲೆವೆಲ್ಲಿನಲ್ಲಿ ಯಾವ ವಿದ್ಯೆ ಸಿಗಬೇಕೆಂದು ಮದುವೆ ಕಾಗದದ ಬೆನ್ನಿನ ಮೇಲೂ ಬರೆದುಕೊಳ್ಳುತ್ತಾರೆ. ಶೃಂಗೇರಿ ಬಸ್ಸಿನ ತಿರುವುಗಳಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿಯುವ ಕಂಡಕ್ಟರನನ್ನು ಕಂಡರೆ, "ಇಂವ ಹನ್ನೆರಡನೇ ಲೆವೆಲ್ ಯೋಧ ಮಾರಾಯ!" ಎಂದು ಪಕ್ಕದವರ ತೊಡೆ ತಟ್ಟುತ್ತಾರೆ. ಹೋಟೆಲಿನ ಜಲಜಮ್ಮ ಒಂದೇ ಕೈಯಲ್ಲಿ ಆರು ಲೋಟ ಕಾಫಿ ತಂದಿಟ್ಟ ದಿನ ಆಟದ ಮಾಂತ್ರಿಕನಿಗೆ ಹೊಸದೊಂದು ಶಕ್ತಿ ಬಂತು. ಒಂದು ವಿಷಯದಲ್ಲಿ ಮಾತ್ರ ಅವರು ಜಗ್ಗುವವರಲ್ಲ. "ಸರ್, ಸೋತರೆ ಒಂದು ಲೆವೆಲ್ ಇಳಿಸಿ, ಇಲ್ದಿದ್ರೆ ಎಂತ ಮಜಾ?" ಎಂದು ಶಿಷ್ಯೆ ಪಲ್ಲವಿ ಎಷ್ಟು ಸಲ ಕೇಳಿದರೂ, "ಕಲ್ತದ್ದನ್ನ ಕಿತ್ಕೊಳ್ಳೋದು ನನ್ನ ಆಟದಲ್ಲಿ ಇಲ್ಲ ಕಣೇ" ಎಂದುಬಿಡುತ್ತಾರೆ. ಕಾರಣ ಹೇಳುವುದಿಲ್ಲ. ನಲವತ್ತು ವರ್ಷ ಯಕ್ಷಗಾನಕ್ಕೆ ಮದ್ದಳೆ ನುಡಿಸಿದ ಅವರ ತಂದೆಗೆ ಈಗ ಮರೆವಿನ ಕಾಯಿಲೆ; ತಾಳಗಳು ಒಂದೊಂದಾಗಿ ಹೋಗಿ, ಮದ್ದಳೆಯನ್ನು ಬೇರೆಯವರ ಸಾಮಾನಿನಂತೆ ನೋಡುತ್ತ ಕೂರುತ್ತಾರೆ. ದಿನಾ ಬೆಳಿಗ್ಗೆ ಕ್ಲಾಸಿಗೆ ಹೊರಡುವ ಮುನ್ನ ಹೆಬ್ಬಾರರು ಆ ಮುದಿ ಕೈಯನ್ನು ಮೆಲ್ಲಗೆ ಮದ್ದಳೆಯ ಮೇಲಿಟ್ಟು, "ಅಪ್ಪಯ್ಯ, ಮೊದಲನೇ ಪಾಠದಿಂದ ಶುರು ಮಾಡನ" ಎನ್ನುತ್ತಾರೆ.