ನೂರಾ ಹನ್ನೆರಡು ಫ್ರೇಮಿನ ದರ

ಬೀದಿಯವರೆಲ್ಲ ಅವಳನ್ನು ಗಾಜಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು, ತಮ್ಮನಿಗೆ ಹನ್ನೆರಡು. ಫ್ರೇಮಿನ ಅಂಗಡಿ ಮುಚ್ಚಿದರೆ ಇಬ್ಬರ ಅನ್ನಕ್ಕೂ ಕಲ್ಲು ಬೀಳುತ್ತದೆಂದು ಅಪ್ಪನ ಗಾಜಿನ ಕಟರ್ ಕೈಗೆತ್ತಿಕೊಂಡವಳು, ಮೂವತ್ತು ವರ್ಷವಾದರೂ ಅದನ್ನು ಕೆಳಗಿಟ್ಟಿರಲಿಲ್ಲ. ಎಡಗೈ ಹೆಬ್ಬೆರಳ ತುಂಬ ಹಳೆಯ ಗೀರುಗಳು. ಚಿತ್ರವೊಂದನ್ನು ಎದುರಿಗಿಟ್ಟರೆ ಸಾಕು, ಅದಕ್ಕೆ ಎಷ್ಟಡಿ ಮರದ ಪಟ್ಟಿ ಬೇಕೆಂದು ಕಣ್ಣಳತೆಯಲ್ಲೇ ಹೇಳುತ್ತಿದ್ದಳು. ತಮ್ಮ ಓದಿ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನು, ಅವನ ಹೆಂಡತಿ, ಇವಳು.

ಒಂದು ಬೆಳಿಗ್ಗೆ ಆ ಕಾರ್ಖಾನೆಯ ಖರೀದಿ ಅಧಿಕಾರಿ ಅಂಗಡಿಗೆ ಬಂದ. ಕೊಟ್ಟ ಕುರ್ಚಿಯನ್ನು ಕರ್ಚೀಫಿನಿಂದ ಎರಡು ಸಲ ಒರೆಸಿ ಕೂತು, ಬ್ಯಾಗಿನಿಂದ ಹೆಸರಿಲ್ಲದ ಒಂದು ಮಾದರಿ ಪತ್ರ ತೆಗೆದ. ಬಂಗಾರದ ಬಣ್ಣದ ಅಕ್ಷರದಲ್ಲಿ 'ಕೃತಜ್ಞತಾ ಪತ್ರ' ಎಂದಿತ್ತು.

"ಇಂಥವು ನೂರಾ ಹನ್ನೆರಡು ಇದಾವೆ ಮೇಡಂ. ಒಟ್ಟಿಗೆ ಕೊಡ್ತಿದ್ದೀವಿ, ನೋಡಿಕೊಂಡು ದರ ಹೇಳಿ."

ಗಾಜಕ್ಕನಿಗೆ ಖುಷಿಯಾಯಿತು. ತಮ್ಮನ ಕಂಪನಿ, ಅವನಿಗೂ ಒಂದು ಬಂದೀತು ಎಂದುಕೊಂಡಳು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನೆಂಟಸ್ತಿಕೆ ತಿಳಿದರೆ ಅಗ್ಗ ಮಾಡಿ ಎಂದು ಪೀಡಿಸಬಹುದು. ಆದರೂ ತಾನಾಗಿಯೇ ಒಂದು ಉಪಕಾರ ಮಾಡಿದಳು. ಹನ್ನೆರಡಕ್ಕೆ ಹದಿನೈದು ಇಂಚಿನ ಫ್ರೇಮಾದರೆ ಮೂಲೆ ಕತ್ತರಿಸಿ ಹಾಳಾಗುವುದೂ ಸೇರಿ ಐದಡಿ ಮೀರುತ್ತದೆ, ಹತ್ತಡಿಯ ಪಟ್ಟಿಯಲ್ಲಿ ಎರಡು ಹುಟ್ಟುವುದಿಲ್ಲ. ಪತ್ರದ ಸುತ್ತ ಕೂರಿಸುವ ಬಿಳಿ ರಟ್ಟಿನ ಅಂಚನ್ನು ಅರ್ಧ ಇಂಚು ಸಣ್ಣದು ಮಾಡಿದರೆ ಸರಿಯಾಗಿ ಎರಡು ಬರುತ್ತವೆ. ಅದನ್ನು ಲೆಕ್ಕ ಹಾಕಿ ಹೇಳಿದಳು. "ಒಂದಕ್ಕೆ ಮುನ್ನೂರ ಅರವತ್ತು. ಇದರಲ್ಲಿ ನನಗೆ ಉಳಿಯೋದು ಕೂಲಿ ಅಷ್ಟೇ."

ಅವನು ನಕ್ಕ. "ಗಾಜು ಯಾಕೆ ಅಕ್ಕ? ಪ್ಲಾಸ್ಟಿಕ್ ಹಾಳೆ ಹಾಕಿ." ಚೌಕಾಶಿಗೆ ಇಳಿಯುತ್ತಲೇ ಮೇಡಂ ಹೋಗಿ ಅಕ್ಕ ಆಗಿದ್ದಳು.

"ಪ್ಲಾಸ್ಟಿಕ್ ವರ್ಷದೊಳಗೆ ಹಳದಿ ಆಗುತ್ತೆ."

"ಆಗಲಿ ಬಿಡಿ."

ಅವಳು ಲೆಕ್ಕದಿಂದ ಗಾಜು ತೆಗೆದಳು, ಮುನ್ನೂರಾಯಿತು. ಬಿಳಿ ಅಂಚೂ ಬೇಡವೆಂದ, ಇನ್ನೂರ ನಲವತ್ತು. ಹಿಂದಿನ ಗಟ್ಟಿ ಹಲಗೆಯ ಬದಲು ಹಳೆಯ ಪೆಟ್ಟಿಗೆಯ ರಟ್ಟು ಸಾಕೆಂದ, ಇನ್ನೂರ ಹದಿನೈದು. ಅಪ್ಪ ಇದ್ದಿದ್ದರೆ ಇಂಥದ್ದನ್ನು ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ ಎನ್ನಿಸಿತು. ಆದರೆ ನೂರಾ ಹನ್ನೆರಡು ಸಣ್ಣ ಕೆಲಸವೇನಲ್ಲ. ಬರೆದ ಅಂಕಿಯ ಮೇಲೆ ಗೀಟು ಎಳೆಯುತ್ತಾ ಹೋದಳು.

"ಆ ಕೊಂಡಿನೂ ತೆಗೀರಿ, ಹತ್ತು ಉಳಿಯುತ್ತೆ."

"ಕೊಂಡಿ ಇಲ್ಲದೆ ಗೋಡೆಗೆ ಹೇಗೆ ಹಾಕ್ತಾರೆ?"

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಯಾರು ಹಾಕ್ತಾರೆ ಅಕ್ಕ? ತಿಂಗಳ ಕೊನೆಗೆ ಪ್ಯಾಕಿಂಗ್ ವಿಭಾಗ ಪೂರ್ತಿ ಖಾಲಿ. ಕೈಗೆ ಇದನ್ನ ಕೊಡೋದು, ಒಂದು ಫೋಟೋ ತೆಗೆಯೋದು, ಆ ಗಡಿಬಿಡಿಯಲ್ಲೇ 'ನಾನಾಗೇ ಕೆಲಸ ಬಿಡ್ತಿದ್ದೀನಿ' ಅನ್ನೋ ಕಾಗದಕ್ಕೆ ಸಹಿ ಹಾಕಿಸೋದು. ಅವರಿಗಿನ್ನೂ ಗೊತ್ತಿಲ್ಲ, ನೀವೂ ಬಾಯಿ ಬಿಡಬೇಡಿ. ಮತ್ತೆ, ಬಿಲ್ಲಿನಲ್ಲಿ ಮುನ್ನೂರ ಅರವತ್ತು ಅಂತಲೇ ಇರಲಿ. ಮಿಕ್ಕಿದ್ದರಲ್ಲಿ ನಿಮಗೂ ಸ್ವಲ್ಪ ಸೇರುತ್ತೆ."

ಅನ್ನದೊಳಗೆ ಕೈಯಿಟ್ಟು ಜಿರಲೆ ಮುಟ್ಟಿದ ಹಾಗೆ ಗಾಜಕ್ಕನ ಬೆರಳುಗಳು ತಾವಾಗಿಯೇ ಪತ್ರದಿಂದ ಹಿಂದೆ ಸರಿದವು. ಅವನು ಮಾತ್ರ ನೆಮ್ಮದಿಯಾಗಿ ಕಾಲಮೇಲೆ ಕಾಲು ಹಾಕಿ ಕೂತಿದ್ದ, ಹಲ್ಲಿನ ಸಂದಿಯನ್ನು ನಾಲಿಗೆಯಿಂದ ಕೆದಕುತ್ತಾ.

ಅವಳು ಹೊಸ ಹಾಳೆ ತೆಗೆದು ಗಾಜು, ಅಂಚು, ಹಲಗೆ, ಕೊಂಡಿ ಎಲ್ಲ ಸೇರಿಸಿ ಮುನ್ನೂರ ಅರವತ್ತು ಎಂದು ಬರೆದು, ಕೆಳಗೆ ಸಹಿ ಹಾಕಿ ಅವನ ಮುಂದೆ ತಳ್ಳಿದಳು.

"ಮಾಡಿದರೆ ಹೀಗೇ ಮಾಡೋದು. ಬಿಲ್ಲೂ ಇಷ್ಟೇ."

"ಏನಕ್ಕ, ಈಗ ತಾನೇ ಇನ್ನೂರ ಹದಿನೈದಕ್ಕೆ ಒಪ್ಪಿದ್ರಲ್ಲ?"

"ಒಪ್ಪಿದ್ದೆ. ಈಗ ಒಪ್ಪಲ್ಲ. ನೀವು ಎದ್ದೇಳಿ."

"ಊರಲ್ಲಿ ನಿಮ್ಮದೊಂದೇ ಅಂಗಡಿನಾ?" ಎಂದು ಗೊಣಗುತ್ತಾ ಅವನು ಹೋದ. ಅವನ ಸೆಂಟಿನ ವಾಸನೆ ಮಧ್ಯಾಹ್ನದವರೆಗೂ ಅಂಗಡಿಯಲ್ಲಿ ಸುತ್ತುತ್ತಿತ್ತು. ಅವಳಿಗೆ ಊಟ ಸೇರಲಿಲ್ಲ.

ಸಂಜೆ ಐದೂವರೆಗೆ ತಮ್ಮ ಬಂದು ಚಪ್ಪಲಿ ಬಿಡುತ್ತಿದ್ದಂತೆ ಎಲ್ಲವನ್ನೂ ಹೇಳಿದಳು. ಅವನು ನಂಬಲಿಲ್ಲ.

"ಸುಮ್ನೆ ಏನೋ ಒದರಿರಬೇಕು ಅಕ್ಕ. ಮೊನ್ನೆ ತಾನೇ ಹೊಸ ಬೂಟಿಗೆ ಅಂತ ಎಲ್ಲರ ಕಾಲಿನ ಅಳತೆ ತಗೊಂಡಿದಾರೆ."

"ಅಳತೆ ತಗೊಳ್ಳೋಕೆ ಏನು ಖರ್ಚೋ? ಬೇರೇನೂ ಬೇಡ, ಒಂದು ಮಾತು ಕೇಳು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಜೊತೆಯವರಿಗೂ ಹೇಳು."

ಮಾರನೆಯ ದಿನ ಅವನು ಮೂವರನ್ನು ಕರೆದುಕೊಂಡು ಮ್ಯಾನೇಜರನ್ನು ಕೇಳಿದ. ಮ್ಯಾನೇಜರ್ ಹೆಗಲ ಮೇಲೆ ಕೈಯಿಟ್ಟು, "ನಾವೆಲ್ಲ ಒಂದೇ ಮನೆಯವರು, ಇಂಥ ಗಾಳಿಮಾತಿಗೆಲ್ಲ ಕಿವಿ ಕೊಡ್ತಾರಾ?" ಎಂದ. ಹೆಚ್ಚಿನವರು ಅದನ್ನೇ ನಂಬಿದರು. ಅಕ್ಕನ ಮಾತು ಕೇಳಿ ಹೆದರಿದ ಎಂದು ತಮ್ಮನನ್ನು ಛೇಡಿಸಿದವರೂ ಇದ್ದರು.

ತಿಂಗಳ ಕೊನೆಯ ದಿನ ಎಲ್ಲವೂ ಅಧಿಕಾರಿ ಹೇಳಿದಂತೆಯೇ ನಡೆಯಿತು. ಚಪ್ಪಾಳೆ, ಪತ್ರ, ಫೋಟೋ, ಪಕ್ಕದ ಮೇಜಿನ ಮೇಲೆ ಕಾಗದ, ಪೆನ್ನು. ತಮ್ಮನೂ ಇನ್ನು ಮೂವತ್ತೊಂದು ಜನರೂ ಪೆನ್ನು ಮುಟ್ಟಲಿಲ್ಲ. ಕೆಲಸ ಅವರದೂ ಹೋಯಿತು. ಆದರೆ ಸಹಿ ಇಲ್ಲದ್ದರಿಂದ ವಕೀಲರ ಕಾಗದ ಹೋಗಿ, ಎಂಟು ತಿಂಗಳ ಅಲೆದಾಟದ ಮೇಲೆ ಅವರ ಪಾಲಿನ ಪರಿಹಾರದ ಹಣ ಅವರಿಗೆ ಬಂತು. ಸಹಿ ಹಾಕಿದ ಎಂಬತ್ತು ಜನ ಬರಿಗೈಲಿ ಹೋದರು.

ಪತ್ರ ಕೊಟ್ಟ ದಿನ ಸಂಜೆ ತಮ್ಮ ತಂದ ಫ್ರೇಮನ್ನು ಗಾಜಕ್ಕ ತಿರುಗಿಸಿ ನೋಡಿದ್ದಳು. ಪ್ಲಾಸ್ಟಿಕ್ ಆಗಲೇ ಉಬ್ಬಿತ್ತು, ಹಿಂದಿನ ರಟ್ಟಿನಲ್ಲಿ ಸೋಪಿನ ಜಾಹೀರಾತಿನ ಅರ್ಧ ಮುಖ. ಮೂಲೆಗಳು ಮಾತ್ರ ಕೂದಲೆಳೆ ಸಂದಿಲ್ಲದೆ ಕೂಡಿದ್ದವು. ಆ ಕೈ ಯಾರದೆಂದು ಅವಳಿಗೆ ತಕ್ಷಣ ತಿಳಿಯಿತು. ಎರಡು ಬೀದಿಯಾಚೆ ಅಂಗಡಿಯಿಟ್ಟಿದ್ದ ಮಾವ, ಅಪ್ಪನ ಜೊತೆಗಾರ, ಅವಳಿಗೆ ಮೂಲೆ ಕತ್ತರಿಸಲು ಕಲಿಸಿದವರು.

ಮರುದಿನವೇ ಹೋಗಿ ಕೇಳಿದಳು. "ಎಷ್ಟಕ್ಕೆ ಮಾಡಿದ್ರಿ ಮಾವ?"

"ನೂರಾ ಎಂಬತ್ತು. ಬಿಲ್ಲು ಅವರೇ ಬರ್ಕೊಂಡ್ರು."

"ಯಾತಕ್ಕೆ ಅಂತ ಗೊತ್ತಿತ್ತಾ?"

ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಕೊಂಡಿ ಬೇಡ ಅಂದಾಗ ಗೊತ್ತಾಯ್ತಮ್ಮ. ಅಷ್ಟೊತ್ತಿಗೆ ಪಟ್ಟಿ ಎಲ್ಲ ಕತ್ತರಿಸಿ ಆಗಿತ್ತು."

ಮುಖಕ್ಕೆ ಉಗಿದು ಬರಬೇಕೆಂದೇ ಹೋಗಿದ್ದಳು. ಆದರೆ ಗಾಜು, ಅಂಚು, ಹಲಗೆ ಎಂದು ಒಂದೊಂದೇ ಗೀಟು ಎಳೆದ ತನ್ನ ಕೈ ಕಣ್ಣೆದುರು ಬಂತು. ಆ ಅಧಿಕಾರಿ ಪ್ಯಾಕಿಂಗ್ ಬದಲು ಬೇರೆ ವಿಭಾಗದ ಹೆಸರು ಹೇಳಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದಳು.

"ಕೂತ್ಕೋ," ಎಂದರು ಮಾವ. ಅವಳು ಕೂತಳು.