ಮನೆಮಂದಿ ಪರವಾಗಿ ಮಾವನವರ ರಕ್ತ

ಮೊನ್ನೆ ಮಧುಗಿರಿಯಲ್ಲಿ ಸಕ್ಕರೆ ಕಾಯಿಲೆ ನೋಡಿಸಲು ಹೋಗಿದ್ದೆ. ಲ್ಯಾಬಿನ ಹುಡುಗಿ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು ನೋಡಿ, ಆ ವಾಸನೆಗೆ ಕಿಸಕ್ಕನೆ ನಕ್ಕುಬಿಟ್ಟೆ. ರಕ್ತ ಕೊಡುವಾಗ ನಗುವ ಮುದುಕಿಯನ್ನು ಅವಳು ಕಂಡಿರಲಿಲ್ಲವೇನೋ, ಸೂಜಿ ಹಿಡಿದುಕೊಂಡೇ ನಿಂತಳು. ಪಾಪ, ಅವಳಿಗೇನು ಗೊತ್ತು ನಮ್ಮ ಮಾವನವರ ಕಥೆ!

ದೊಡ್ಡೇರಿ ಪಕ್ಕದ ಹಳ್ಳಿಗೆ ನಾನು ಸೊಸೆಯಾಗಿ ಹೋದದ್ದು ಐವತ್ತರ ದಶಕದ ಕೊನೆಯಲ್ಲಿ. ಮಾವನವರು ಅಂಥಿಂಥ ಯಜಮಾನರಲ್ಲ. ಪಂಚಾಯ್ತಿಗೆ ಮನೆಯ ಪರವಾಗಿ ಅವರೇ, ಸಾವಿನ ಮನೆಗೂ ಅವರೇ. ನನ್ನನ್ನು ನೋಡಲು ಬಂದವರೂ ಅವರೊಬ್ಬರೇ. ಗಂಡನ ಮುಖ ಕಂಡದ್ದು ಧಾರೆಯ ದಿನ. ಯಜಮಾನ ಹೋದರೆ ಮನೆಯವರೆಲ್ಲ ಹೋದಂತೆ ಎನ್ನುವುದು ಆಗ ನಮ್ಮ ಕಡೆಯ ಪದ್ಧತಿ.

ನನಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದಾದಾಗ ಕೂತರೂ ನಿಂತರೂ ಅದೇ ಭಯ, ಇದೂ ಹೋದರೆ? ಮಧುಗಿರಿಯ ಡಾಕ್ಟರಮ್ಮ, "ಗಂಡ ಹೆಂಡತಿ ಇಬ್ಬರ ರಕ್ತವೂ ಬೇಕು. ಪರಂಗಿ ಹುಣ್ಣು, ಅದೇ ಸಂಗದಿಂದ ಅಂಟೋ ಸಿಫಿಲಿಸ್ ಕಾಯಿಲೆ ಇದ್ದರೆ ಮಗು ಉಳಿಯೋದು ಕಷ್ಟ" ಎಂದರು. ನನ್ನವರು ಕಿಟಕಿಯಾಚೆ ಬೆಟ್ಟ ನೋಡತೊಡಗಿದರು. ಅಷ್ಟರಲ್ಲಿ ಮಾವ ಅಂಗಿಯ ತೋಳು ಮಡಿಸಿ ಸ್ಟೂಲಿನ ಮೇಲೆ ಕೂತೇಬಿಟ್ಟರು.

"ಯಜಮಾನ ನಾನಿರುವಾಗ ಉಡುಗ್ರ ರಕ್ತ ಯಾಕ್ ತಾಯಿ? ಎಲ್ರದ್ದೂ ನನ್ ತಾವ್ಲೇ ತಕ್ಕಳಿ."

ಡಾಕ್ಟರಮ್ಮ ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಸಾಕಾಗಿ ಮಾವನವರೊಬ್ಬರದ್ದನ್ನೇ ತೆಗೆದು ಪರೀಕ್ಷೆಗೆಂದು ಬಸ್ಸಿನಲ್ಲಿ ತುಮಕೂರಿಗೆ ಕಳಿಸಿದರು. ನಾನು ರಕ್ತ ಕೊಡದೆಯೇ ಗಾಡಿ ಹತ್ತಿದೆ. ಮಾವನೆದುರು ಮಾತಾಡುವ ಸೊಸೆಯರು ಆಗ ಇನ್ನೂ ಹುಟ್ಟಿರಲಿಲ್ಲ.

ಕೆಲವು ದಿನಗಳಲ್ಲೇ ಉತ್ತರ ಬಂತೆಂದು ಅತ್ತೆಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಮಾವನವರ ರಕ್ತದಲ್ಲಿ ಪರಂಗಿ ಕಾಯಿಲೆ! ಅತ್ತೆ ಆಸ್ಪತ್ರೆಯ ಜಗಲಿಯಲ್ಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಎತ್ತು ಮಾರಾಕೆ ಅಂತ ಸಿರಾ ಸಂತೇಲಿ ದಿನಗಟ್ಲೆ ಕೂತ್ಕಂತಿದ್ದೆಲ್ಲಾ, ಇದ್ಕೇನಾ?"

ಮಾವ ಒಂದಿಷ್ಟಾದರೂ ಅಳುಕಬೇಕಲ್ಲ! "ಲೇ, ನಾನ್ ಕೊಟ್ಟಿದ್ದು ಮನೆಮಂದಿ ಪರವಾಗಿ ಕಣೇ. ಕಾಯ್ಲೆ ಯಾರ್ದೋ ಏನೋ, ನನ್ ರಕ್ತದಾಗೆ ಬಂದದೆ!"

"ಅಂಗಾ? ಅಂಗಾರೆ ಎಲ್ರೂ ಕೊಡ್ಲಿ. ಯಾರ್ದು ಅಂತ ನೋಡೇಬುಡಾನ" ಎಂದರು ಅತ್ತೆ.

ಬುತ್ತಿ ಕಟ್ಟಿಕೊಂಡು ಗಾಡಿಗಳಲ್ಲಿ ಹೊರಟೆವು. ಮೈದುನಂದಿರು, ಓರಗಿತ್ತಿಯರು, ಜೊತೆಗೆ ತನ್ನನ್ನೆಲ್ಲಿ ಬಿಟ್ಟುಬಿಡುತ್ತಾರೋ ಎಂದು ಹತ್ತಿ ಕೂತ ಹೊಲದಾಳು. ದಾರಿಯಲ್ಲಿ ಕಂಡವರು ಮದುವೆ ದಿಬ್ಬಣವೆಂದೇ ತಿಳಿದರು. ಕಾಯಿಲೆ ಸಿಕ್ಕಿದ್ದು ಮಾವ, ಅತ್ತೆ, ನನ್ನವರು ಮತ್ತು ನನ್ನಲ್ಲಿ. ನನಗೆಲ್ಲಿಂದ ಬಂತೆಂದು ಕೇಳಬೇಕೆ? ಮೈಯೆಲ್ಲ ಉರಿದುಹೋಯಿತು. ಎಷ್ಟೋ ತಿಂಗಳು ಗಂಡನ ತಟ್ಟೆಗೆ ಮುದ್ದೆ ಕುಕ್ಕಿಯೇ ಬಡಿಸಿದೆ.

ಪೆನ್ಸಿಲಿನ್ ಸೂಜಿ ಎತ್ತಿಕೊಂಡು ಡಾಕ್ಟರಮ್ಮ, "ಬನ್ನಿ ಯಜಮಾನರೇ, ಎಲ್ಲರದೂ ನಿಮಗೇ ಚುಚ್ಚಲಾ?" ಎಂದರು.

ಮಾವ ಪಂಚೆ ಹಿಡಿದು ಬಾಗಿಲಿಗೆ ಸರಿದರು. "ಅವರವರ್ದು ಅವರವರ್ಗೇ ಆಕಿ ತಾಯಿ!"

ಮಗು ಉಳಿಯಿತು. ಹೆಣ್ಣು. ಈಗ ಅವಳೇ ಅಜ್ಜಿಯಾಗಿದ್ದಾಳೆ. ಲ್ಯಾಬಿನಿಂದ ಬಂದ ಸಂಜೆ ಇದನ್ನೆಲ್ಲ ಮೊದಲ ಸಲ ಅವಳಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ಅಮ್ಮಾ, ತಾತ ಆವತ್ತು ತಪ್ಪು ಒಪ್ಕೊಂಡುಬಿಟ್ಟಿದ್ರೆ ನಿನ್ನ ರಕ್ತ ಯಾರೂ ನೋಡ್ತಾನೇ ಇರ್ಲಿಲ್ಲ, ಅಲ್ವಾ?" ಎಂದಳು.

ಹೌದಲ್ಲ! ಇಷ್ಟು ವರ್ಷ ಬೈದುಕೊಂಡೇ ಬಂದ ಆ ಮೊಂಡು ಮುದುಕನಿಗೆ ಮನಸ್ಸಿನಲ್ಲೇ ಕೈಮುಗಿದು, ಮಗಳ ಕೈ ಬಿಡದೆ ಕೂತೆ.