ಮುಳ್ಳು ನೋಡುವ ದೊಡ್ಡಮ್ಮ

ಏಡಿ ತುಂಬಿದ ಬುಟ್ಟಿಯ ಮೇಲೆ ಕೂರುವುದು ಯಾರಿಗೂ ಶೋಭೆ ತರುವ ಕೆಲಸವಲ್ಲ. ಅದರಲ್ಲೂ ಇಡೀ ದಕ್ಕೆಯೇ ಹೆದರುವ ಹೆಂಗಸೊಬ್ಬರು, ಇಡೀ ದಕ್ಕೆ ನೋಡುತ್ತಿರುವಾಗ, ಪೇಟೆಯಿಂದ ಪತ್ರಿಕೆಯವರು ಬರುವ ದಿನವೇ ಹಾಗೆ ಕೂತರೆ, ಅದನ್ನು ಕೂತರು ಅನ್ನುವುದಕ್ಕಿಂತ ಬಿದ್ದರು ಅನ್ನುವುದೇ ಸರಿ.

ತಪ್ಪು ಸೊಸೆಯದು. ದಕ್ಕೆಯಲ್ಲಿ, ಅಂದರೆ ದೋಣಿಗಳು ಬಂದು ಮೀನು ಇಳಿಸುವ ಆ ಕಲ್ಲುಕಟ್ಟೆಯ ಮೇಲೆ, ಐಸಿನವನ ಗಾಡಿಯ ಪಕ್ಕ, ದೊಡ್ಡಮ್ಮನಿಗೆ ಒಂದು ಖಾಯಂ ಆಸನವಿತ್ತು: ಬೋರಲು ಹಾಕಿದ ಹಳೆಯ ಬುಟ್ಟಿ, ಮೇಲೊಂದು ಮಡಿಸಿದ ಗೋಣಿಚೀಲ. ದಿನಾ ಬೆಳಿಗ್ಗೆ ಅಲ್ಲಿ ಕೂತು, ಬಂದ ಮೀನಿನ ಕಿವಿರು ಎತ್ತಿ ನೋಡಿ, ತಮ್ಮ ಊಟದಂಗಡಿಗೆ ಇದು ಬೇಕು ಇದು ಬೇಡ ಎಂದು ತೀರ್ಪು ಕೊಡುತ್ತಿದ್ದರು. ಅವರು ಮೀನ ಮೇಷ ಎಣಿಸುವವರಲ್ಲ, ಮೀನಷ್ಟೇ ಎಣಿಸುವವರು. ಕೂರುವ ಮುಂಚೆ ಹಿಂದೆ ತಿರುಗಿ ನೋಡುವ ಅಭ್ಯಾಸವೂ ಇರಲಿಲ್ಲ. ಸಿಂಹಾಸನವನ್ನು ಯಾವ ರಾಣಿ ತಡವಿ ನೋಡಿ ಕೂರುತ್ತಾಳೆ? ಅವತ್ತು ಸೊಸೆ ಏನೋ ಯೋಚನೆಯಲ್ಲಿ ಏಡಿಯ ಬುಟ್ಟಿಯನ್ನು ತಂದು ಅದೇ ಜಾಗದಲ್ಲಿ ಇಟ್ಟಿದ್ದಳು. ಏಡಿಗಳು ಒಣಗಬಾರದೆಂದು ಅದರ ಮೇಲೂ ಗೋಣಿಚೀಲ, ಒದ್ದೆಯದು.

ಬುಟ್ಟಿ ಕುಸಿಯಿತು. ಒಳಗಿದ್ದವರಿಗೆ ಎಚ್ಚರವಾಯಿತು. ದೊಡ್ಡಮ್ಮ ಕೂತಷ್ಟೇ ವೇಗದಲ್ಲಿ ಎದ್ದರು.

"ಯಾರೇ ಇದನ್ನ ಇಲ್ಲಿ ಇಟ್ಟಿದ್ದು?"

ದೊಡ್ಡಮ್ಮ ಬಟ್ಟೆ ಕೊಡವಿಕೊಂಡು, ಆದದ್ದು ಆಗಿಯೇ ಇಲ್ಲವೆಂಬ ಠೀವಿಯಲ್ಲಿ, ದಕ್ಕೆಯ ಆ ತುದಿಯಲ್ಲಿ ಬಸ್ಸಿಳಿಯುತ್ತಿದ್ದ ಪತ್ರಿಕೆಯವನ ಕಡೆ ಹೊರಟರು. ಆಳು ಕುಳ್ಳಗೆ, ನಡಿಗೆ ಮಾತ್ರ ಹಡಗಿನದು. ಅವರ ಏಪ್ರನ್ನಿನ ಹಿಂದಿನ ಗಂಟಿನ ಲಾಡಿ ಹಿಡಿದು ಒಂದು ಏಡಿ ತೂಗಾಡುತ್ತಿತ್ತು.

ದಕ್ಕೆಯಲ್ಲಿ ಅಷ್ಟು ಜನ ಇದ್ದರು. ಬಲೆ ಹೊಲಿಯುವವರು, ಬುಟ್ಟಿ ಹೊರುವವರು, ಸುಮ್ಮನೆ ನಿಂತವರು. ಏಡಿ ತೋರಿಸಿ ಒಂದು ಮಾತು ಹೇಳುವ ಗಂಡಸು ಒಬ್ಬನೂ ಹುಟ್ಟಲಿಲ್ಲ. ಏಡಿ ಧೈರ್ಯವಾಗಿ ನೇತಾಡುತ್ತಿತ್ತು. ಹೇಡಿಗಳೆಲ್ಲ ನೆಲ ನೋಡುತ್ತಿದ್ದರು. ಕೊನೆಗೆ ಐಸಿನವನಿಗೆ ತಡೆಯಲಾಗಲಿಲ್ಲ.

"ದೊಡ್ಡಮ್ಮಾ, ಇವತ್ತೇನು, ಹಿಂದೆ ಬಾಡಿಗಾರ್ಡ್ ಇಟ್ಕೊಂಡು ಹೊರಟ್ರಿ?"

"ನನ್ನ ಹಿಂದೆ ಬರೋ ಧೈರ್ಯ ಯಾವನಿಗಿದೆಯೋ?" ಎಂದರು ದೊಡ್ಡಮ್ಮ, ತಿರುಗದೇ.

ದಕ್ಕೆ ಕೆಮ್ಮಿತು. ನಗು ನುಂಗಿದರೆ ಬರುವ ಕೆಮ್ಮು.

ಕಡೆಗೆ ಬಾಯಿ ಬಿಟ್ಟವನು ಊರಿಗೆ ಹೊಸಬನಾದ ಪತ್ರಿಕೆಯವನೇ. ಊರೂರಿನ ಅಡುಗೆ ತಿಂದು ಬರೆಯುವುದು ಅವನ ಕಸುಬು. ನೀರಿನಂಚಿನ ಈ ಪುಟ್ಟ ಊರಿನ ಮೀನನ್ನು ತಿಂದೇ ಬರಬೇಕು ಎಂದು ಯಾರೋ ಹೇಳಿ ಕಳಿಸಿದ್ದರು. "ನಮಸ್ಕಾರ ಅಮ್ಮಾ. ಏನಿಲ್ಲ, ನಿಮ್ಮ ಹಿಂದೆ ಒಂದು..." ಎಂದ. ದೊಡ್ಡಮ್ಮ ಕೈ ಹಿಂದೆ ಹಾಕಿದರು. ಏಡಿ ಲಾಡಿ ಬಿಟ್ಟು ಹೆಬ್ಬೆರಳು ಹಿಡಿಯಿತು.

ಅವರ ಬಾಯಿಂದ ಆಗ ಹೊರಟ ಶಬ್ದಕ್ಕೆ ಕಟ್ಟೆಯ ಹಕ್ಕಿಗಳೆಲ್ಲ ಎದ್ದು ಹಾರಿದವು. ಸೊಸೆ ಬಕೆಟ್ಟು ಹಿಡಿದು ಓಡಿಬಂದು ಅತ್ತೆಯ ಕೈಯನ್ನು ಏಡಿ ಸಮೇತ ನೀರಿನಲ್ಲಿ ಮುಳುಗಿಸಿದಳು. ನೀರು ಕಂಡ ಏಡಿ ಮನೆಗೆ ಬಂದೆನೆಂದುಕೊಂಡು ಹಿಡಿತ ಸಡಿಲಿಸಿತು. ಹೆಬ್ಬೆರಳು ಅಷ್ಟರಲ್ಲಿ ಎಳೆಯ ಬದನೆಕಾಯಿಯ ಬಣ್ಣಕ್ಕೂ ಗಾತ್ರಕ್ಕೂ ತಿರುಗಿತ್ತು. ಬಲಗೈಯ ಹೆಬ್ಬೆರಳು, ಸೌಟು ಹಿಡಿಯುವ ಕೈ.

ಬುಟ್ಟಿ ಇಟ್ಟವಳು ಸೊಸೆ. ಬುಟ್ಟಿ ಇಡುವಾಗ ಅವಳ ತಲೆಯಲ್ಲಿ ಇದ್ದದ್ದೂ ಅದೇ ಸೌಟು.

ಅವಳು ಈ ಮನೆಗೆ ಬಂದದ್ದು ಮೀನಿನ ವಾಸನೆಯೇ ಇಲ್ಲದ ಒಳನಾಡಿನಿಂದ. ಮದುವೆಯಾದ ಹೊಸತರಲ್ಲಿ ಮೀನಿನ ಕಣ್ಣು ಕಂಡರೆ ಹೆದರಿಕೆ. ಸತ್ತ ಮೇಲೂ ಕಣ್ಣು ಮುಚ್ಚದೆ ನೋಡುತ್ತಲೇ ಇರುತ್ತದಲ್ಲ ಎಂದು ಗಂಡನ ಹತ್ತಿರ ಒಮ್ಮೆ ಪಿಸುಗುಟ್ಟಿದ್ದಳಷ್ಟೆ. ಮರುದಿನದಿಂದ ಅವಳ ಪಾಲಿಗೆ ಬಂದ ಬುಟ್ಟಿಯಲ್ಲಿ ಒಂದು ಮೀನಿಗೂ ತಲೆ ಇರುತ್ತಿರಲಿಲ್ಲ. ದೊಡ್ಡಮ್ಮ ಅವಳಿಗಿಂತ ಮುಂಚೆ ಎದ್ದು ತಲೆಗಳನ್ನೆಲ್ಲ ಕತ್ತರಿಸಿಟ್ಟು, ಏನೂ ಗೊತ್ತಿಲ್ಲದವರ ಹಾಗೆ ಒಲೆ ಊದುತ್ತ ಕೂತಿರುತ್ತಿದ್ದರು. ಸೊಸೆಗೆ ಹೆದರಿಕೆ ಹೋದ ಮೇಲೆ ತಲೆಗಳು ಒಂದೊಂದಾಗಿ ವಾಪಸು ಬಂದವು. ಆ ವಿಷಯ ಇಬ್ಬರೂ ಇವತ್ತಿನವರೆಗೆ ಎತ್ತಿಲ್ಲ.

ದೊಡ್ಡಮ್ಮನ ಗಂಡ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದವರು. ಅವರು ಹೋದಾಗ ಉಳಿದದ್ದು ತಗಡಿನ ಶೆಡ್ಡು, ಮುರಿದ ದೋಣಿಯೊಂದು, ಚಿಕ್ಕ ಮಗ. ದೊಡ್ಡಮ್ಮ ಶೆಡ್ಡು ತೊಳೆದು ಒಲೆ ಹೂಡಿದರು, ದೋಣಿಯ ಹಲಗೆ ಬಿಚ್ಚಿಸಿ ಮೇಜು ಮಾಡಿಸಿದರು. ದೋಣಿಯ ನಂಬರಿನ ಅರ್ಧ ಒಂದು ಮೇಜಿನ ಮೇಲಿದೆ, ಇನ್ನರ್ಧ ಪಕ್ಕದ ಮೇಜಿನ ಮೇಲೆ. ಜಗಳವಾಡಿಕೊಂಡು ಬಂದ ಗಂಡ ಹೆಂಡತಿಯನ್ನು ಆ ಎರಡು ಮೇಜಿಗೆ ಬೇರೆ ಬೇರೆ ಕೂರಿಸಿದರೆ, ಊಟ ಮುಗಿಯುವುದರೊಳಗೆ ನಂಬರು ಕೂಡಿಸಿಕೊಂಡು ಓದಲು ಮಾತು ಶುರುವಾಗಿರುತ್ತದೆ ಎಂಬುದು ಅವರ ಅನುಭವ.

ಅವರ ಅಂಗಡಿಯಲ್ಲಿ ಫ್ರಿಜ್ ಇಲ್ಲ. ನಿನ್ನೆಯ ಮೀನು ಇಲ್ಲ. ದೋಣಿ ಬಾರದ ದಿನವೂ ಬಾಗಿಲು ತೆಗೆದೇ ಇರುತ್ತದೆ. ಬಂದವರಿಗೆ ಖುದ್ದಾಗಿ "ಮೀನಿಲ್ಲ" ಎಂದು ಹೇಳುವುದಕ್ಕೆ. ಅಷ್ಟು ದೂರದಿಂದ ಬಂದವರು ಬೀಗ ನೋಡಿ ಹೋಗಬಾರದಂತೆ. ಎದುರಿಗೆ ಬಣ್ಣದ ಫೋಟೋ ಹಾಕಿದ ದೊಡ್ಡ ಹೋಟೆಲು ಎದ್ದಾಗ ಊರವರು ದೊಡ್ಡಮ್ಮನ ಕತೆ ಮುಗಿಯಿತು ಎಂದರು. ದೊಡ್ಡಮ್ಮ ಮೊದಲ ದಿನವೇ ಅಲ್ಲಿಗೆ ಹೋಗಿ ಉಂಡು, "ಫೋಟೋ ತುಂಬಾ ಚೆನ್ನಾಗಿ ಬೆಂದಿದೆ" ಎಂದು ಯಜಮಾನನಿಗೆ ಹೇಳಿ ಬಂದರು. ಆಮೇಲೂ, ತಮ್ಮಲ್ಲಿ ಮೀನು ಮುಗಿದರೆ ಗಿರಾಕಿಗಳನ್ನು ಅಲ್ಲಿಗೇ ಕಳಿಸುತ್ತಾರೆ.

ಇನ್ನು ಅವರ ಮುಳ್ಳಿನ ವಿಷಯ. ಬೇರೆ ಹೋಟೆಲಿನವರು ಗಡಿಯಾರದ ಮುಳ್ಳು ನೋಡುತ್ತಾರೆ, ದೊಡ್ಡಮ್ಮ ಮೀನಿನ ಮುಳ್ಳು ನೋಡುತ್ತಾರೆ. ಉಂಡವರನ್ನು "ಹೇಗಿತ್ತು?" ಎಂದು ಅವರು ಕೇಳಿದ್ದೇ ಇಲ್ಲ. ಕೇಳಿದರೆ ಚೆನ್ನಾಗಿತ್ತು ಅನ್ನುತ್ತಾರೆ, ಅದರಿಂದ ಏನು ಗೊತ್ತಾಗುತ್ತೆ ಎಂದು ಅವರ ವಾದ. ತಟ್ಟೆ ಹಿತ್ತಲಿಗೆ ಬಂದ ಮೇಲೆ, ಕಲ್ಲಿನ ತೊಟ್ಟಿಯ ಹತ್ತಿರ ನಿಂತು, ಉಳಿದ ಮುಳ್ಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಬೆನ್ನಿನ ಕಡೆ ಮಾಂಸ ಅಂಟಿಕೊಂಡಿದ್ದರೆ ಸರಿಯಾಗಿ ಬೆಂದಿಲ್ಲ. ಹೊಟ್ಟೆಯ ಕಡೆ ಬಿಟ್ಟಿದ್ದರೆ ಕಹಿ ಇತ್ತು, ತೊಳೆದವರು ಅವಸರ ಮಾಡಿದ್ದಾರೆ. ಬಾಚಣಿಗೆಯ ಹಾಗೆ ಬೋಳಾಗಿ ಬಂದರೆ ಒಂದು ಸಲ "ಹೂಂ" ಎನ್ನುತ್ತಾರೆ. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆ ತೊಟ್ಟಿಯ ಹತ್ತಿರ ಇಷ್ಟು ವರ್ಷ ಪಾತ್ರೆ ತೊಳೆದವಳು ಸೊಸೆ. ಈರುಳ್ಳಿ ಹೆಚ್ಚಿದಳು, ಮೀನು ಹಸನು ಮಾಡಿದಳು, ಮೇಜು ಒರೆಸಿದಳು. ಒಲೆ ಮಾತ್ರ ಅತ್ತೆ ಮುಟ್ಟಲು ಬಿಡಲಿಲ್ಲ. "ನಾನು ಮಾಡ್ಲಾ ಅತ್ತೆ?" ಎಂದರೆ "ಆ ಪಾತ್ರೆ ನೋಡು" ಎಂಬುದೇ ಉತ್ತರ. ಗಂಡನಿಗೆ ಹೇಳಿದರೆ, ಅವನು ಅಮ್ಮನ ಎದುರು ಮಾತಾಡುವುದು ಇರಲಿ, ಅಮ್ಮನ ವಿಷಯ ಎತ್ತಿದರೆ ಬಲೆ ಹೆಗಲಿಗೆ ಹಾಕಿಕೊಂಡು ದೋಣಿ ಹತ್ತುವ ಪೈಕಿ. ಇದನ್ನು ಎದುರಿನ ಹೋಟೆಲಿನ ಯಜಮಾನ ಹೇಗೋ ಬಲ್ಲ. ಹೋದ ವಾರ ನಲ್ಲಿಯ ಹತ್ತಿರ ಗಾಳ ಹಾಕಿದ: "ನಮ್ಮಲ್ಲಿಗೆ ಬಾಮ್ಮ. ಒಲೆ ಪೂರ್ತಿ ನಿಂದೇ. ಈ ಭಾನುವಾರ ಸಂಜೆಯೊಳಗೆ ಹೇಳು, ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ."

ಆ ಭಾನುವಾರವೇ ಇವತ್ತು. ಹೂಂ ಅನ್ನಬೇಕು ಎಂದು ಮುಕ್ಕಾಲು ಪಾಲು ತೀರ್ಮಾನಿಸಿಕೊಂಡೇ ಅವಳು ಬೆಳಿಗ್ಗೆ ಬುಟ್ಟಿ ಹೊತ್ತು ತಂದಿದ್ದಳು. ಉಳಿದ ಕಾಲು ಪಾಲು, ತಲೆ ಕತ್ತರಿಸಿಟ್ಟ ಆ ಮೀನುಗಳು.

ಪತ್ರಿಕೆಯವನನ್ನು ಅರ್ಧ ನಂಬರಿನ ಮೇಜಿಗೆ ಕೂರಿಸಿಯಾಯಿತು. ದೊಡ್ಡಮ್ಮ ಒಲೆಯ ಮುಂದೆ ನಿಂತರು. ಸಟ್ಟುಗ ಹಿಡಿಯಲು ನೋಡಿದರು, ಆಗಲಿಲ್ಲ. ಎಡಗೈಯಲ್ಲಿ ಹಿಡಿದರು, ಮೀನು ಬಾಣಲೆಯಿಂದ ನೆಲಕ್ಕೆ ಹಾರಿತು. ಕೊನೆಗೆ ಅಡುಗೆಮನೆಯ ಹೊಸ್ತಿಲಲ್ಲಿ ಹೆಬ್ಬೆರಳನ್ನು ತಣ್ಣೀರಿನ ಬಟ್ಟಲಿಗೆ ಅದ್ದಿ ಕೂತರು.

"ಮೀನಿಲ್ಲ ಅಂತ ಹೇಳಿ ಕಳಿಸಿಬಿಡು" ಎಂದರು.

"ಮೀನಿದೆಯಲ್ಲ ಅತ್ತೆ."

"ಕೈಯಿಲ್ಲವಲ್ಲ."

"ನಂದಿದೆ."

ದೊಡ್ಡಮ್ಮ ಅವಳನ್ನು ಕಿವಿರು ಎತ್ತಿ ನೋಡುವ ನೋಟದಲ್ಲಿ ನೋಡಿದರು. "ಸುಟ್ಕೊಂಡ್ರೆ?"

"ನಿಮ್ಮದು ಕಚ್ಚಿಸ್ಕೊಂಡಾಯ್ತು. ನಂದು ಸುಟ್ಕೊಂಡ್ರೆ ಜೋಡಿಯಾಗುತ್ತೆ."

ದೊಡ್ಡಮ್ಮ ಕಾಲು ಮಡಚಿಕೊಂಡರು. ಹೊಸ್ತಿಲಲ್ಲಿ ಒಬ್ಬರು ದಾಟುವಷ್ಟು ಜಾಗವಾಯಿತು. ಸೊಸೆ ದಾಟಿದಳು.

ಮೊದಲ ಮೀನನ್ನು ಕೈಗೆತ್ತಿಕೊಂಡಳು. ಆಮೇಲೆ ಅವಳಿಗೇ ಆಶ್ಚರ್ಯವಾಗುವ ಹಾಗೆ, ಮುಂದಿನ ಕೆಲಸವೆಲ್ಲ ಗೊತ್ತಿರುವ ದಾರಿಯಂತೆ ಬಂದಿತು. ಈ ಜಾತಿಯ ಮೀನಿನ ಬೆನ್ನು ಯಾವಾಗಲೂ ಹಸಿ ಉಳಿದು ತೊಟ್ಟಿಗೆ ಬರುತ್ತಿತ್ತು. ಬೆನ್ನಿಗೆ ಎರಡು ಗೀರು ಹೆಚ್ಚು ಹಾಕಿದಳು. ಸಾರಿನ ಬಟ್ಟಲಿನ ತಳದಲ್ಲಿ ಪ್ರತಿಯೊಬ್ಬರೂ ಒಂದಿಷ್ಟು ಬಿಡುತ್ತಿದ್ದರು. ತೊಳೆಯುವಾಗೆಲ್ಲ ಅದು ಅವಳ ಮೂಗಿಗೆ ಹುಳಿಯಾಗಿ ಹೊಡೆಯುತ್ತಿತ್ತು. ಅವಳು ಹುಳಿ ಕಿವುಚಿದ ನೀರನ್ನು ಅರ್ಧಕ್ಕೇ ನಿಲ್ಲಿಸಿದಳು.

"ಹುಳಿ ಅಷ್ಟೇನಾ?" ಹೊಸ್ತಿಲಿಂದ ಬಂತು ದನಿ.

"ಅಷ್ಟೇ."

"ನಾನು ಯಾವಾಗ್ಲೂ ಪೂರ್ತಿ ಹಾಕ್ತೀನಿ."

"ಅದಕ್ಕೇ ಬಟ್ಟಲಲ್ಲಿ ಉಳಿಯುತ್ತೆ."

ಹೇಳಿದ ಮೇಲೆ ಸೊಸೆ ನಾಲಿಗೆ ಕಚ್ಚಿಕೊಂಡಳು. ಹೊಸ್ತಿಲಲ್ಲಿ ಬಟ್ಟಲಿನ ನೀರಿನಲ್ಲಿ ಹೆಬ್ಬೆರಳು ಆಡುವ ಸದ್ದು ಕೇಳಿತು.

ಪತ್ರಿಕೆಯವನು ಮಾತಾಡದೆ ಉಂಡ. ಮಾತಾಡುವುದೇ ಕೆಲಸವಾದವನು ಮಾತಾಡದಿದ್ದರೆ ಒಳ್ಳೆಯದೋ ಕೆಟ್ಟದ್ದೋ ಹೇಗೆ ಹೇಳುವುದು? ಸೊಸೆ ಬಾಗಿಲ ಸಂದಿಯಿಂದ ನೋಡಿದಳು. ಅವನ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ. ಎದುರಿನ ಹೋಟೆಲಿನ ಯಜಮಾನ ತನ್ನ ಕಿಟಕಿಯಲ್ಲಿ ನಿಂತು ಇತ್ತಲೇ ನೋಡುತ್ತಿದ್ದ. ಹೊತ್ತು ಇಳಿಯುತ್ತಿತ್ತು.

ತಟ್ಟೆ ಹಿತ್ತಲಿಗೆ ಬಂದಿತು. ದೊಡ್ಡಮ್ಮ ಎದ್ದುಹೋಗಿ, ಎಡಗೈಯಲ್ಲಿ ಮುಳ್ಳು ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು. ತಲೆ ಬಾಚಿಕೊಳ್ಳಬಹುದಾದಷ್ಟು ಬೋಳು. ಸಾರಿನ ಬಟ್ಟಲನ್ನು ಬೋರಲು ಮಾಡಿದರು. ಒಂದು ಹನಿ ಬೀಳಲಿಲ್ಲ. ಸೊಸೆ "ಹೂಂ"ಗಾಗಿ ಕಾದು ನಿಂತಿದ್ದಳು.

ದೊಡ್ಡಮ್ಮ ಹೂಂ ಅನ್ನಲಿಲ್ಲ.

"ನಾಳೆ ಏಡಿ ಮಾಡು" ಎಂದರು. "ಲಾಡಿ ಹಿಡಿದವನನ್ನ ಮೊದಲು ಹಾಕು."

ನಾಳೆ. ಸೊಸೆ ಆ ಒಂದು ಪದವನ್ನು ಬಾಯಲ್ಲಿ ಇಟ್ಟುಕೊಂಡು ಕಿಟಕಿಯ ಹತ್ತಿರ ಹೋದಳು. ಬೀದಿಯಾಚೆಗೆ ಕೇಳುವ ಹಾಗೆ ಕೂಗಿದಳು:

"ಯಜಮಾನ್ರೇ, ನಾಳೆ ನನಗೆ ಇಲ್ಲೇ ಕೆಲಸ ಇದೆ!"

"ನಾಡಿದ್ದು?"

"ನಾಡಿದ್ದೂ!"

ಯಜಮಾನ ಕಿಟಕಿ ಮುಚ್ಚಿಕೊಂಡ.

ಕೈ ತೊಳೆಯಲು ಹಿತ್ತಲಿಗೆ ಬಂದ ಪತ್ರಿಕೆಯವನಿಗೆ ಸೊಸೆ ಸಂತೋಷ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು: ಇದು ತನ್ನ ಮೊದಲ ಅಡುಗೆ, ಕಲಿತದ್ದು ಒಲೆಯ ಮುಂದಲ್ಲ, ಈ ತೊಟ್ಟಿಯ ಮುಂದೆ, ಉಂಡವರು ಬಿಟ್ಟುಹೋದ ಮುಳ್ಳು ನೋಡಿ ನೋಡಿ. ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯಿತು. ಬಾಯಿಬಿಡದೆ ಮೀನಿನ ತಲೆ ಕತ್ತರಿಸಿಟ್ಟ ಅತ್ತೆ ಇದನ್ನೂ ಹಾಗೆಯೇ ಮಾಡಿರಬೇಕಲ್ಲವೇ? ಅವಳ ಕಣ್ಣು ತುಂಬಿ ಬಂದವು. ಪತ್ರಿಕೆಯವನು ದೊಡ್ಡಮ್ಮನ ಕಡೆ ತಿರುಗಿದ.

"ಅಮ್ಮಾ," ಎಂದ, "ಇಷ್ಟು ವರ್ಷ ಸೊಸೆಗೆ ಒಲೆ ಕೊಡದೆ ಈ ತೊಟ್ಟಿಯ ಹತ್ತಿರ ನಿಲ್ಲಿಸಿದ್ದು, ಅವಳು ಇದನ್ನೆಲ್ಲ ತಾನಾಗೇ ಕಲೀಲಿ ಅಂತಾನಾ?"

ದೊಡ್ಡಮ್ಮ ಊದಿದ ಹೆಬ್ಬೆರಳನ್ನೊಮ್ಮೆ, ತೊಟ್ಟಿಯಲ್ಲಿ ಬೆಳಿಗ್ಗೆಯಿಂದ ಪೇರಿದ್ದ ಪಾತ್ರೆಗಳನ್ನೊಮ್ಮೆ ನೋಡಿದರು.

"ಅಯ್ಯೋ, ಹಾಗೇನಿಲ್ಲಪ್ಪ," ಎಂದರು. "ಪಾತ್ರೆ ತೊಳೆಯೋದು ಅಂದ್ರೆ ನನಗೆ ಮೊದಲಿಂದಲೂ ಆಗಲ್ಲ."